ಪಾರ್ಟು ಬರೆದವನು

ತುಟಿ ಅಲುಗಿದ್ದು ನಿಜವೋ, ತನ್ನ ಕಣ್ಣಿಗೆ ಹಾಗೆ ಕಂಡಿತೋ? ಇಲ್ಲ, ಅಲುಗಿತ್ತು. ನಾಟಕದ ತಾಲೀಮಿನಲ್ಲಿ ಶೇಖರ ತನ್ನ ಮಾತು ಹೇಳುತ್ತಿದ್ದಾಗ ಸುಮಿತ್ರೆ ಅವನೆದುರು ತಲೆ ತಗ್ಗಿಸಿ ನಿಂತಿದ್ದಳು. ಅವನ ಒಂದೊಂದು ಶಬ್ದಕ್ಕೂ ಅವಳ ತುಟಿ ಸದ್ದಿಲ್ಲದೆ ಜೊತೆಗೂಡುತ್ತಿತ್ತು. ಅವಳ ಮಾತು ಅವಳಿಗೆ ಬಾಯಿಪಾಠವಾಗಿರಲಿ, ಸರಿ. ಅವನ ಮಾತು ಯಾಕೆ ಆಗಬೇಕು? ಆಗುವುದಾದರೂ ಹೇಗೆ? ಅವನ ಪಾರ್ಟನ್ನು ಬರೆದು ಅವನ ಕೈಗೇ ಕೊಟ್ಟವನು ತಾನು. ಅವಳಿಗೆ ಕೊಟ್ಟದ್ದು ಅವಳ ಪಾರ್ಟು ಮಾತ್ರ.

ದಾದರಿನ ಸೇತುವೆಯ ಮೇಲೆ ಜನ ನಂಜುಂಡನನ್ನು ತಳ್ಳಿಕೊಂಡು ಹೋಗುತ್ತಿದ್ದರು. ಮಲಾಡಿನಿಂದ ಬಂದ ಲೋಕಲ್ ಇಳಿದು, ಈ ಸೇತುವೆ ದಾಟಿ, ಆಚೆ ಲೈನಿನ ಗಾಡಿ ಹಿಡಿದು ಅವನು ದಿನವೂ ಭಾಂಡುಪ್‌ಗೆ ಹೋಗಬೇಕು. ಅಲ್ಲಿ ಪಂಪು ತಯಾರಿಸುವ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಅವನಿಗೆ ಕೆಲಸ. ಮೈಸೂರಿನಲ್ಲಿ ಇಂಗ್ಲಿಷ್ ಬಿ.ಎ. ಮಾಡಿ, ಪಾಠ ಹೇಳುವ ಆಸೆ ಇಟ್ಟುಕೊಂಡು, ಸಿಕ್ಕಿದ ಕೆಲಸಕ್ಕೆ ಬೊಂಬಾಯಿಗೆ ಬಂದವನು. ಮಾತು ಕಡಿಮೆ. ಬೇರೆಯವರ ಮಾತಿನ ನಡುವೆ ಬೀಳುವ ಮೌನವನ್ನು ಮಾತಿಗಿಂತ ಹೆಚ್ಚು ಗಮನವಿಟ್ಟು ಕೇಳುವ ಅಭ್ಯಾಸ ಅವನಿಗೆ ಚಿಕ್ಕಂದಿನಿಂದ ಇತ್ತು. ಅದು ಒಳ್ಳೆಯ ಗುಣವೆಂದು ಇತ್ತೀಚಿನವರೆಗೆ ಅಂದುಕೊಂಡಿದ್ದ.

ಈ ತಾಪತ್ರಯವನ್ನು ಮನೆಗೆ ಕರೆತಂದವನು ಅವನೇ. ಮಲಾಡಿನ ಅವರ ಸಂಘ ವರ್ಷಕ್ಕೊಂದು ನಾಟಕ ಆಡುತ್ತಿತ್ತು. ಸಂಘವೆಂದರೆ ಸ್ಟೇಷನ್ ರಸ್ತೆಯಲ್ಲಿ ಹೋಟೆಲಿಟ್ಟಿದ್ದ ಉಡುಪಿ ಕಡೆಯ ಚೆನ್ನಯ, ಅವನ ಹೋಟೆಲಿನ ಜನ, ಆಫೀಸುಗಳಲ್ಲಿದ್ದ ನಾಲ್ಕಾರು ಮೈಸೂರಿನವರು. ನಾಟಕ ಬರೆದು ಆಡಿಸುವವರು ವೆಂಕಟಸುಬ್ಬಯ್ಯನವರು, ಇನ್ಶೂರೆನ್ಸ್ ಕಂಪನಿಯೊಂದರ ಹೆಡ್ ಕ್ಲಾರ್ಕು. ಹೆಣ್ಣಿನ ಪಾರ್ಟು ಬಂದರೆ ಮೀಸೆ ಬೋಳಿಸಿ ಸೀರೆ ಉಡುವವನು ಚೆನ್ನಯ. ಮರಾಠಿಯವರು ಹೆಂಗಸರನ್ನೇ ರಂಗಕ್ಕೆ ತರುತ್ತಿರುವಾಗ ನಾವು ಇನ್ನೂ ಚೆನ್ನಯನ ಗಲ್ಲಕ್ಕೆ ಪೌಡರು ಬಳಿಯುತ್ತ ಕೂರುವುದೇ ಎಂದು ವೆಂಕಟಸುಬ್ಬಯ್ಯನವರು ಆ ಸಲ ಮೀಟಿಂಗಿನಲ್ಲಿ ಕೇಳಿದರು. ಸರಿ, ಯಾರ ಮನೆಯಿಂದ ಕರೆಸೋಣ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಚಾವಣಿ ನೋಡಿದರು. ಆ ಮೌನ ತಡೆಯಲಾರದೆ ನಂಜುಂಡ, ನಮ್ಮನೆಯವಳನ್ನು ಕೇಳಿ ನೋಡುತ್ತೇನೆ ಎಂದುಬಿಟ್ಟ. ಓದಿದವನೆಂದರೆ ಹೀಗಿರಬೇಕು ಎಂದು ಎಲ್ಲರೂ ಬೆನ್ನು ತಟ್ಟಿದರು.

"ನನ್ನ ಹೊಟ್ಟೆಗೆ ಹೊಡೆದ್ರಲ್ಲ ರಾಯರೆ," ಎಂದ ಚೆನ್ನಯ. "ಇಷ್ಟು ವರ್ಷ ನನಗೆ ಅಂತ ಇದ್ದದ್ದು ಅದೊಂದು ಪಾರ್ಟು. ಅದೂ ಹೋಯಿತು. ಇನ್ನು ಮೀಸೆ ಬಿಟ್ಟು ಗಲ್ಲಾದಲ್ಲಿ ಕೂತುಕೊಳ್ಳುವುದು, ಬೇರೆಂತ ಮಾಡುವುದು?"

ಸುಮಿತ್ರೆ ಹೇಗೂ ಬೇಡವೆನ್ನುತ್ತಾಳೆ, ತನ್ನ ಉದಾರತನವೊಂದು ಜನರ ಬಾಯಲ್ಲಿ ಉಳಿಯುತ್ತದೆ ಎಂದು ನಂಜುಂಡ ಎಣಿಸಿದ್ದ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಿ, ಮಾತು ತುಂಬಾ ಇರುತ್ತದೆಯೇ ಎಂದಷ್ಟೇ ಕೇಳಿದಳು.

ಇಡೀ ನಾಟಕದ ಹಸ್ತಪ್ರತಿ ಸಂಘದಲ್ಲಿ ಒಂದೇ ಇರುತ್ತಿತ್ತು. ಉಳಿದವರಿಗೆ ಅವರವರ ಪಾರ್ಟು ಮಾತ್ರ ಬಿಡಿ ಹಾಳೆಗಳಲ್ಲಿ ಬರೆದು ಕೊಡುವುದು ಪದ್ಧತಿ. ಅವರು ಹೇಳಬೇಕಾದ ಮಾತು, ಅದಕ್ಕೆ ಮುಂಚೆ ಎದುರಿನವರು ಹೇಳುವ ಕೊನೆಯ ಎರಡು ಮೂರು ಶಬ್ದ, ಅಷ್ಟೆ. ಎದುರಿನವರು ಪೂರ್ತಿ ಏನು ಹೇಳುತ್ತಾರೆಂಬುದು ತಾಲೀಮಿಗೆ ಬಂದಮೇಲೆಯೇ ತಿಳಿಯಬೇಕು. ಅಕ್ಷರ ದುಂಡಗಿದ್ದುದರಿಂದ ಪಾರ್ಟು ಬರೆಯುವ ಕೆಲಸ ನಂಜುಂಡನದು. ನಾಟಕದ ದಿನ ಪರದೆಯ ಪಕ್ಕ ಪ್ರತಿ ಹಿಡಿದು ನಿಂತು, ಮರೆತವರಿಗೆ ಮಾತು ಎತ್ತಿಕೊಡುವ ಪ್ರಾಂಪ್ಟರೂ ಅವನೇ. ಎಲ್ಲರ ಮಾತೂ ಗೊತ್ತಿದ್ದು, ತನ್ನದೆನ್ನುವ ಮಾತು ಒಂದೂ ಇಲ್ಲದ ಆ ಕೆಲಸ ಅವನ ಸ್ವಭಾವಕ್ಕೆ ಹೊಂದುತ್ತಿತ್ತು.

ಅವಳ ಪಾರ್ಟು ಬರೆದು ಕೊಟ್ಟ ಸಂಜೆ ಸುಮಿತ್ರೆ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಒಂದು ಸಂದೇಹ ಕೇಳಿದಳು. "ಪಾರ್ಟ್ ಅಂದ್ರೆ ಭಾಗ ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ರು. ನೀವು ಸ್ಟೋರ್ಸಲ್ಲಿ ತೆಗೆದುಕೊಡೋದೂ ಪಾರ್ಟು. ಇದೂ ಪಾರ್ಟು. ಇದು ಯಾವುದರ ಭಾಗ?"

ಮದುವೆಯಾದಾಗಿನಿಂದ ಇಂಥ ಪ್ರಶ್ನೆಗಾಗಿ ಅವನು ಕಾದಿದ್ದನೋ ಏನೋ. ಗೂಡಿನಿಂದ ಕಾಲೇಜಿನ ಕಾಲದ ನಿಘಂಟು ತೆಗೆದು ಅವಳ ಪಕ್ಕ ಕೂತು ಒಂದೊಂದೇ ಅರ್ಥ ಓದಿ ಹೇಳಿದ. ಇಡಿಯದರಲ್ಲಿ ಒಂದು ತುಣುಕು. ಯಂತ್ರದ ಬಿಡಿ ಸಾಮಾನು. ನಾಟಕದ ವೇಷ. ಪಾಲು. ತಲೆ ಬಾಚಿ ತೆಗೆಯುವ ಬೈತಲೆಗೂ ಅದೇ ಪದ. ಜಗಳದಲ್ಲಿ ಒಬ್ಬರ ಪರ ನಿಂತರೂ ಅದೇ. ಕೊನೆಗೆ, ಇಬ್ಬರು ಒಬ್ಬರನ್ನೊಬ್ಬರು ಬಿಟ್ಟು ಹೋದರೆ ಅದಕ್ಕೂ ಅದೇ.

"ಒಂದು ಪದಕ್ಕೆ ಇಷ್ಟು ದೊಡ್ಡ ಸಂಸಾರವೇ?" ಎಂದು ಅವಳು ನಕ್ಕಳು. "ಪಾಪ, ಇಂಗ್ಲಿಷಿನವರು ಪದಕ್ಕೆ ಅಷ್ಟೊಂದು ಬಡವರೇನ್ರೀ?"

ಅವನೂ ನಕ್ಕ. ಆಮೇಲೆ ಕೆಲವು ದಿನ ಸಂಜೆ ಅವಳು ಒಲೆಯ ಮುಂದಿರುವಾಗ ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಎದುರಿನವನ ಮಾತು ಓದುವುದು, ಅವಳು ಬೆನ್ನು ಹಾಕಿಕೊಂಡೇ ಉತ್ತರ ಹೇಳುವುದು ನಡೆಯಿತು. ಅವನು ಓದುತ್ತಿದ್ದದ್ದು ಸ್ಟೋರ್ಸಿನ ಸಾಮಾನುಗಳ ಹೆಸರು ಓದುವ ಧಾಟಿಯಲ್ಲಿ, ಏರಿಳಿತವಿಲ್ಲದೆ. ಒಗ್ಗರಣೆಯ ಸದ್ದಿನಲ್ಲಿ ಅರ್ಧ ಅವಳಿಗೆ ಕೇಳಿಸುತ್ತಿರಲಿಲ್ಲವೆಂದೇ ಅವನ ನಂಬಿಕೆ.

ಎದುರಿನವನು ಶೇಖರ. ಚೆನ್ನಯನ ತಂಗಿಯ ಮಗ, ಊರಿನಿಂದ ಬಂದು ಹೋಟೆಲಿನ ಗಲ್ಲಾ ನೋಡಿಕೊಳ್ಳುತ್ತಿದ್ದವನು. ಎತ್ತರದ ಆಳು. ದನಿ ಎಂಥದೆಂದರೆ ಹೋಟೆಲಿನ ಮಹಡಿಯ ಮೇಲೆ ತಾಲೀಮು ನಡೆದರೆ ಕೆಳಗೆ ಚಹಾ ಕುಡಿಯುವವರು ಕಪ್ಪು ಕೆಳಗಿಡುತ್ತಿದ್ದರು. ನಾಟಕದಲ್ಲಿ ಅವನು ಗಂಡ, ಸುಮಿತ್ರೆ ಹೆಂಡತಿ. ಹೆಂಡತಿಯ ನಡತೆಯನ್ನು ಅನುಮಾನಿಸಿ ಮನೆ ಬಿಟ್ಟು ಹೋದವನು, ತನ್ನ ಅನುಮಾನ ಸುಳ್ಳೆಂದು ತಿಳಿದು, ಕೊನೆಯ ಅಂಕದಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಕಥೆ ಅಷ್ಟೇ.

ಮೊದಲನೆಯ ತಾಲೀಮಿನ ದಿನ ಶೇಖರ ಸುಮಿತ್ರೆಯ ಮುಂದೆ ಕೈ ಕಟ್ಟಿ ನಿಂತು, ಅಕ್ಕ, ನನಗೆ ಇದೆಲ್ಲ ಅಭ್ಯಾಸ ಇಲ್ಲ, ತಪ್ಪಿದರೆ ನಗಬೇಡಿ ಎಂದ. ವೆಂಕಟಸುಬ್ಬಯ್ಯನವರು ಕನ್ನಡಕ ಹಣೆಗೇರಿಸಿದರು.

"ಅಕ್ಕ ಅಂದ ಬಾಯಲ್ಲಿ ಹೆಂಡ್ತಿ ಅನ್ನೋಕಾಗುತ್ತೇನಯ್ಯ? ನಾಟಕ ಮುಗಿಯೋವರೆಗೂ ಅಕ್ಕ ಗಿಕ್ಕ ಏನೂ ಇಲ್ಲ. ನಿನ್ನ ಪಾರ್ಟು ಕೆಟ್ಟುಹೋಗುತ್ತೆ."

ಶೇಖರ ಹುಡುಗ ಪಾಪ, ಹಿರಿಯರು ಹೇಳಿದ್ದನ್ನು ಪಾಲಿಸಿದ. ಅಕ್ಕ ಎನ್ನುವಂತಿಲ್ಲ, ಹೆಸರು ಹಿಡಿಯುವ ಧೈರ್ಯವಿಲ್ಲ. ಅವಳನ್ನು ಏನೆಂದೂ ಕರೆಯದೆ ಮಾತಾಡತೊಡಗಿದ. 'ಸ್ವಲ್ಪ ಇಲ್ಲಿ ನಿಲ್ಲಿ' ಎನ್ನುವನು. 'ಚಹಾ ತಣ್ಣಗಾಯಿತು' ಎನ್ನುವನು. ಮೂಲೆಯಲ್ಲಿ ಆಲೂಗಡ್ಡೆ ಚೀಲಕ್ಕೆ ಒರಗಿ ಪ್ರತಿ ಹಿಡಿದು ಕೂತ ನಂಜುಂಡನಿಗೆ ಚುಚ್ಚಿದ್ದು ಆ ಹೆಸರಿಲ್ಲದ ಕರೆ. ಅಕ್ಕ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬರಿದಾಗಿ ಬಿಟ್ಟ ಆ ಜಾಗದಲ್ಲಿ ಏನು ಬೇಕಾದರೂ ಇರಬಹುದಲ್ಲ. ಅವನಿಗೆ ಕೇಳಿಸುತ್ತಿದ್ದದ್ದು ಅದೊಂದೇ.

ಸ್ಟೋರ್ಸಿನಲ್ಲಿ ಕೂತರೂ ಪಾರ್ಟು ಎಂಬ ಆ ಪದ ಬಿಡಲಿಲ್ಲ. ಕಿಟಕಿಯ ಆಚೆಯಿಂದ ಫಿಟ್ಟರು ಸವೆದುಹೋದ ವಾಶರೊಂದನ್ನು ಮುಂದಿಡುತ್ತಾನೆ; ನಂಜುಂಡ ಅದೇ ನಂಬರಿನ ಹೊಸದನ್ನು ಗೂಡಿನಿಂದ ತೆಗೆದು ಕೊಡುತ್ತಾನೆ; ಮಧ್ಯಾಹ್ನದೊಳಗೆ ಪಂಪು ಓಡುತ್ತದೆ. ಹಳೆಯ ಪಾರ್ಟು ಎಲ್ಲಿಗೆ ಹೋಯಿತೆಂದು ಪಂಪು ಕೇಳುವುದಿಲ್ಲ. ಹಾಗಾದರೆ ಗಂಡ ಎನ್ನುವುದೂ ಒಂದು ನಂಬರೇ ಇರಬಹುದು. ಅಳತೆ ಸರಿಯಿದ್ದರೆ ಯಾರು ಬಂದು ಕೂತರೂ ಮನೆ ಓಡೀತು. ಶೇಖರನಿಗೆ ಅಳತೆ ಸರಿಯಾಗಿತ್ತು. ತಾಲೀಮಿನಲ್ಲಿ ಸುಮಿತ್ರೆಯ ದನಿ ಮನೆಯಲ್ಲಿ ಇಲ್ಲದ ಹಾಗೆ ಏರುತ್ತಿತ್ತು, ನಡುಗುತ್ತಿತ್ತು, ಕೆಲವು ಸಲ ನಿಜವಾಗಿಯೇ ಕಣ್ಣು ತುಂಬುತ್ತಿತ್ತು. ಆ ಮಾತುಗಳನ್ನು ಅವಳಿಗೆ ಬರೆದು ಕೊಟ್ಟವನು ತಾನು. ಅವು ತನ್ನ ಮುಂದೆ ಹೀಗೆ ಒಂದು ದಿನವೂ ಬಂದಿರಲಿಲ್ಲ.

ಹೊಸ್ತಿಲ ಮೇಲೆ ಕೂತು ಓದುವುದನ್ನು ಅವನು ನಿಲ್ಲಿಸಿದ. ಕಣ್ಣು ಉರಿಯುತ್ತದೆ ಎಂದ. ಅವಳು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಲಿಲ್ಲವೆಂಬುದೂ ಅವನ ಲೆಕ್ಕಕ್ಕೆ ಸೇರಿತು.

ಶೇಖರ ಕೂದಲಿಗೆ ನೀರು ಹಚ್ಚಿ ಎಡಕ್ಕೆ ನೇರ ಬೈತಲೆ ತೆಗೆಯುತ್ತಿದ್ದ. ಒಂದು ಬೆಳಗ್ಗೆ ನಂಜುಂಡ ಕನ್ನಡಿಯ ಮುಂದೆ ಹೊತ್ತು ಕಳೆದು ಹಾಗೆಯೇ ಬಾಚಿಕೊಂಡ. ಊಟದ ಡಬ್ಬಿ ಕೊಡಲು ಬಂದ ಸುಮಿತ್ರೆ ಅವನನ್ನು ಒಂದು ಕ್ಷಣ ನೋಡಿದಳು.

"ಇದೇನ್ರೀ, ಯಾರದೋ ತಲೆ ತಂದು ಇಟ್ಟುಕೊಂಡ ಹಾಗಿದೆ."

ಅವನು ಟವೆಲಿನಿಂದ ತಲೆ ಒರೆಸಿಕೊಂಡು ಹೊರಟ. ದಹಿಸರಿನ ಕಡೆಯಿಂದ ತುಂಬಿ ಬಂದ ಲೋಕಲ್ಲಿನಲ್ಲಿ ನೇತಾಡುತ್ತಿದ್ದಾಗ ಅವನಿಗೆ ಹೊಳೆಯಿತು: ಯಾರದೋ ಎಂದಳು. ಯಾರದೆಂದು ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

ತುಟಿ ಅಲುಗಿದ್ದನ್ನು ಅವನು ಕಂಡದ್ದು ಅದರ ಮುಂದಿನ ಭಾನುವಾರ. ಅದೇ ದಿನ ಶೇಖರ ತನ್ನ ಪಾರ್ಟಿನ ಹಾಳೆಗಳು ಕಾಣೆಯಾಗಿವೆ ಎಂದು ತಲೆ ಕೆರೆದುಕೊಂಡ. ನಂಜುಂಡನಿಗೆ ಇನ್ನೇನು ಬೇಕು? ಅವನ ಮಾತೆಲ್ಲ ಅವಳ ಬಾಯಲ್ಲಿ. ಹಾಳೆ ಅವನ ಕೈಯಲ್ಲಿಲ್ಲ. ವಾರವಿಡೀ ದಾದರಿನ ಸೇತುವೆ ಹತ್ತಿ ಇಳಿದ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಬಂದಾಗ ಸುಮಿತ್ರೆ ತರಕಾರಿಗೆ ಹೋಗಿದ್ದಳು. ಅವನು ಅವಳ ಟ್ರಂಕು ತೆಗೆದ. ಮದುವೆಯ ಸೀರೆಯ ಮಡಿಕೆಗಳ ನಡುವೆ ಕೈ ತೂರಿಸಿ ಹುಡುಕಿದ. ಅರಿಶಿನದ ಕೊಂಬು, ಅವಳಪ್ಪನ ಒಂದು ಫೋಟೋ, ಅವನೇ ಬರೆದು ಕೊಟ್ಟ ಅವಳ ಪಾರ್ಟು. ಬೇರೇನೂ ಇಲ್ಲ. ಸೀರೆಗಳನ್ನು ಮೊದಲಿದ್ದಂತೆ ಮಡಿಸಲು ಬಾರದೆ ಒದ್ದಾಡಿ, ಹೇಗೋ ತುರುಕಿ ಮುಚ್ಚಿದ. ಏನೂ ಸಿಗಲಿಲ್ಲವೆಂದು ಸಮಾಧಾನವಾಗಬೇಕಿತ್ತು. ಬಚ್ಚಿಡುವುದರಲ್ಲಿ ಇವಳು ಇಷ್ಟು ಜಾಣೆಯೇ ಎನ್ನಿಸಿತು. ಮರುದಿನ ಹಾಳೆಗಳು ಹೋಟೆಲಿನಲ್ಲೇ ಮೈದಾ ಡಬ್ಬದ ಹಿಂದೆ ಸಿಕ್ಕವು. ಅದನ್ನೂ ಅವನು ನಂಬಲಿಲ್ಲ.

ಟ್ರಂಕಿನ ಬಗ್ಗೆ ಸುಮಿತ್ರೆ ಏನೂ ಕೇಳಲಿಲ್ಲ. ಆದರೆ ಸೀರೆಗಳ ಮಡಿಕೆ ಮತ್ತೆ ಸರಿಯಾಗಿತ್ತು.

ನಾಟಕ ಹತ್ತಿರ ಬಂದಂತೆ ಶೇಖರ ತಪ್ಪತೊಡಗಿದ. ಕೊನೆಯ ಅಂಕದ ಮಾತಿಗೆ ಬಂದರೆ ನಾಲಿಗೆ ಹೊರಳುತ್ತಿರಲಿಲ್ಲ. ವೆಂಕಟಸುಬ್ಬಯ್ಯನವರು ಎಲ್ಲರೆದುರಿಗೆ ಅವನನ್ನು ಬೈದರು. ಗಲ್ಲಾದಲ್ಲಿ ಚಿಲ್ಲರೆ ಎಣಿಸುವವನಿಗೆ ಪಾರ್ಟು ಕೊಟ್ಟದ್ದು ತಮ್ಮ ತಪ್ಪು ಎಂದರು. ಚೆನ್ನಯ ತಲೆ ಕೆಳಗೆ ಹಾಕಿದ. ಆಗ ಸುಮಿತ್ರೆ, ಎಂದೂ ಹಿರಿಯರೆದುರು ಬಾಯಿ ತೆರೆಯದವಳು, ಮೆಲ್ಲಗೆ ಹೇಳಿದಳು:

"ಬೈದ್ರೆ ಇನ್ನೂ ಮರೀತಾರೆ. ಅವರಿಗೆ ಮಾತು ಬರುತ್ತೆ, ಭಯಕ್ಕೆ ನಿಲ್ಲುತ್ತೆ ಅಷ್ಟೆ."

ಒಬ್ಬರ ಪರ ನಿಂತರೆ ಅದಕ್ಕೂ ಅದೇ ಪದ. ನಿಘಂಟಿನ ಆ ಪುಟ ನಂಜುಂಡನ ಕಣ್ಣ ಮುಂದೆ ಬಂತು. ಇನ್ನು ಉಳಿದದ್ದು ಬಿಟ್ಟು ಹೋಗುವ ಆ ಕೊನೆಯ ಅರ್ಥ ಒಂದೇ ಎಂದುಕೊಂಡ.

ನಾಟಕ ನಡೆದದ್ದು ಸ್ಟೇಷನ್ನಿಗೆ ಹತ್ತಿರದ ಒಂದು ಶಾಲೆಯ ಹಾಲಿನಲ್ಲಿ, ಭಾನುವಾರ ಮಧ್ಯಾಹ್ನದ ಮೇಲೆ. ಊಟದ ಗಿರಾಕಿಗಳು ಮುಗಿದು ಸಂಜೆಯ ಚಹಾದವರು ಬರುವುದರೊಳಗೆ ಸುತ್ತಲಿನ ಹೋಟೆಲುಗಳ ಜನವೆಲ್ಲ ಬಂದು ಕೂತಿದ್ದರು. ಮುಂದಿನ ಸಾಲಿನಲ್ಲಿ ಹೆಂಗಸರು. ಹೆಣ್ಣಿನ ಪಾರ್ಟನ್ನು ಹೆಣ್ಣೇ ಮಾಡುವುದನ್ನು ನೋಡಲೆಂದೇ ಬಂದವರು. ಮೀಸೆ ತಿರುವಿಕೊಂಡು ಪರದೆ ಎಳೆಯಲು ನಿಂತಿದ್ದ ಚೆನ್ನಯ, ಸೀರೆ ಉಡುವವನಿಗೆ ಈಗ ಹಗ್ಗ ಹಿಡಿಯುವ ಗತಿ ಬಂತು ನೋಡಿ ಎಂದು ಎಲ್ಲರಿಗೂ ಹೇಳುತ್ತಿದ್ದ.

ಎಲ್ಲ ಚೆನ್ನಾಗಿ ನಡೆಯಿತು. ಕೊನೆಯ ಅಂಕ ಬಂತು. ಶೇಖರ ಬಾಗಿಲಲ್ಲಿ ನಿಂತ. ಸುಮಿತ್ರೆ ಕೈಯಲ್ಲಿದ್ದ ಹಣತೆಯನ್ನು ಕೆಳಗಿಟ್ಟಳು.

"ನಾನು ಕಳೆದುಕೊಂಡದ್ದು ಮನೆಯನ್ನಲ್ಲ," ಎಂದ ಶೇಖರ, ಆ ತುಂಬಿದ ದನಿಯಲ್ಲಿ. ಅಷ್ಟಕ್ಕೆ ನಿಂತ.

ಮುಂದಿನ ಮಾತು: ನಿನ್ನನ್ನು. ನಾನು ನಿನ್ನನ್ನು ಅನುಮಾನಿಸಿದೆ. ಅದರ ಶಿಕ್ಷೆ ನಾನು ಪಟ್ಟಿದ್ದೇನೆ, ಇನ್ನು ನೀನು ಪಡಬೇಡ. ಪರದೆಯ ಪಕ್ಕದಲ್ಲಿ ನಂಜುಂಡನ ಬೆರಳು ಆ ಸಾಲಿನ ಮೇಲೆಯೇ ಇತ್ತು. ನೋಡಿ ಹೇಳಬೇಕಾದ ಅಗತ್ಯವೂ ಇರಲಿಲ್ಲ. ಒಂದೇ ಶಬ್ದ ಎತ್ತಿಕೊಟ್ಟಿದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತಿತ್ತು. ಶೇಖರನ ಕಣ್ಣು ಅವನ ಕಡೆ ಹೊರಳಿತು. ಆ ಕಣ್ಣಿನಲ್ಲಿದ್ದ ಬೇಡಿಕೆಯನ್ನು ನಂಜುಂಡ ನೋಡಿದ, ಬಾಯಿ ಬಿಗಿಹಿಡಿದ. ನಿಲ್ಲಲಿ. ಇಷ್ಟು ಜನರೆದುರು, ಅವಳೆದುರು, ಎಲ್ಲ ಬಟ್ಟೆ ಬಿಚ್ಚಿಸಿಕೊಂಡವನ ಹಾಗೆ ನಿಲ್ಲಲಿ. ಯಾರ ದನಿಗೆ ಅವಳ ಕಣ್ಣು ತುಂಬುತ್ತಿತ್ತೋ ಆ ದನಿ ಇಲ್ಲದೆ ಅವನು ಏನೆಂಬುದನ್ನು ಅವಳು ನೋಡಲಿ.

ಹಾಲಿನಲ್ಲಿ ಯಾರೋ ಕೆಮ್ಮಿದರು. ನಂಜುಂಡನಿಗೆ ಆ ಮೌನ ಹಿತವಾಗಿತ್ತು. ಇನ್ನೂ ಸ್ವಲ್ಪ ಬೆಳೆಯಲಿ ಎನ್ನಿಸಿತು.

ಆಗ ಸುಮಿತ್ರೆಯೂ ತಿರುಗಿ ಅವನನ್ನು ನೋಡಿದಳು. ಅವನ ಕೈಯಲ್ಲಿದ್ದ ಪ್ರತಿಯನ್ನು ನೋಡಿದಳು, ಅವನ ಬಾಯನ್ನು ನೋಡಿದಳು. ಮತ್ತೆ ಶೇಖರನ ಕಡೆ ಹೊರಳಿ, ಒಂದು ಹೆಜ್ಜೆ ಮುಂದಿಟ್ಟು, ಬರೆದಿಲ್ಲದ ಮಾತು ಹೇಳಿದಳು.

"ನನ್ನನ್ನು ಅನುಮಾನಿಸಿದಿರಿ. ಅದನ್ನು ಹೇಳೋದಕ್ಕೆ ಅಲ್ವೆ ಇಷ್ಟು ದೂರ ಬಂದದ್ದು? ಅದರ ಶಿಕ್ಷೆ ನೀವು ಪಟ್ಟಿದ್ದೀರಿ. ಇನ್ನು ನಾನು ಪಡೋದು ಬೇಡ."

ದನಿ ಏರಲಿಲ್ಲ, ನಡುಗಲಿಲ್ಲ. ಸಾಮಾನುಗಳ ಹೆಸರು ಓದಿದ ಹಾಗೆ, ಮಟ್ಟಸವಾಗಿ ಹೇಳಿದಳು. ಶೇಖರ ನಿಜವಾಗಿಯೇ ಅತ್ತುಬಿಟ್ಟ. ಮುಂದಿನ ಸಾಲಿನ ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ಚೆನ್ನಯ ಪರದೆ ಎಳೆಯುವುದನ್ನೇ ಮರೆತು, ಚಪ್ಪಾಳೆಯ ನಡುವೆ ಯಾರೋ ಕೂಗಿ ಹೇಳಿದ ಮೇಲೆ ಎಳೆದ.

ಒಳಗೆ ಶೇಖರ ಮೊದಲು ಮಾಡಿದ ಕೆಲಸ ಸುಮಿತ್ರೆಯ ಮುಂದೆ ಬಗ್ಗಿ ಕೈ ಮುಗಿದದ್ದು. "ಅಕ್ಕ, ನೀವು ನನ್ನ ಮಾನ ಉಳಿಸಿದಿರಿ." ಎಷ್ಟೋ ವಾರ ಬಾಯಲ್ಲಿ ತಡೆಹಿಡಿದಿದ್ದನ್ನು ಒಟ್ಟಿಗೆ ಹೇಳುವವನ ಹಾಗೆ, ಅಕ್ಕ, ಅಕ್ಕ ಎಂದು ಮತ್ತೆ ಮತ್ತೆ ಹೇಳಿದ. ಆಮೇಲೆ ನಂಜುಂಡನ ಕಡೆ ತಿರುಗಿದ.

"ನೀವು ಎತ್ತಿಕೊಟ್ಟದ್ದು ನನಗೇ ಕೇಳಲಿಲ್ಲ ಕಾಣ್ತದೆ ರಾಯರೆ. ಹೆದರಿಕೆಗೆ ಕಿವಿ ಬಂದ್ ಆಗಿತ್ತು. ಕ್ಷಮಿಸಬೇಕು."

ನಂಜುಂಡ ಪ್ರತಿಯನ್ನು ಸುತ್ತಿ ದಾರ ಕಟ್ಟಿದ. ವೆಂಕಟಸುಬ್ಬಯ್ಯನವರು, ಆ ಮಾತನ್ನು ಹೆಂಡತಿಯ ಬಾಯಲ್ಲಿ ಹೇಳಿಸಬೇಕೆಂದು ತಾವೇ ಮೊದಲು ಯೋಚಿಸಿದ್ದೆವೆಂದು ಎಲ್ಲರಿಗೂ ವಿವರಿಸುತ್ತಿದ್ದರು.

ಗಂಡಹೆಂಡಿರು ಹೊರಗೆ ಬಂದಾಗ ಇನ್ನೂ ಬೆಳಕಿತ್ತು. ಸ್ಟೇಷನ್ ರಸ್ತೆಯಲ್ಲಿ ಹೋಟೆಲುಗಳು ಮತ್ತೆ ಬಾಗಿಲು ತೆರೆಯುತ್ತಿದ್ದವು. ಸುಮಿತ್ರೆಯ ಕೆನ್ನೆಯ ಮೇಲೆ ಬಣ್ಣ ಅರ್ಧ ಉಳಿದಿತ್ತು. ಕೇಳಬಾರದು ಎಂದುಕೊಂಡೇ ನಂಜುಂಡ ಕೇಳಿದ, ಅವನ ಮಾತು ನಿನಗೆ ಹೇಗೆ ಬಂತು ಎಂದು.

ಅವಳು ನಿಂತುಬಿಟ್ಟಳು. ಅವನು ಹುಡುಗಾಟಕ್ಕೆ ಕೇಳುತ್ತಿರಬೇಕೆಂದು ಮುಖ ನೋಡಿದಳು.

"ಹೇಗೆ ಅಂದ್ರೆ? ಹೊಸ್ತಿಲ ಮೇಲೆ ಕೂತು ಓದ್ತಿದ್ದವರು ನೀವೇ ಅಲ್ವೆ? ಪೂರ್ತಿ ನನಗೆ ಬರುತ್ತೆ, ನೀವು ಎಲ್ಲೆಲ್ಲಿ ಉಸಿರು ತಗೊಳ್ತೀರೋ ಅದೂ ಸೇರಿ. ತಾಲೀಮಲ್ಲಿ ಅವರು ಅಷ್ಟು ಗಟ್ಟಿಯಾಗಿ ಕೂಗೋವಾಗ ನಂಗೆ ಉತ್ತರವೇ ಹೊಳೀತಿರಲಿಲ್ಲ. ನೀವು ಓದಿದ ಹಾಗೆ ಒಳಗೇ ಹೇಳ್ಕೊಂಡ್ರೆ ಬರೋದು."

ಅವನು ಮುಂದೆ ನಡೆದ. ಅವಳು ನಾಲ್ಕು ಹೆಜ್ಜೆ ಹಿಂದಿನಿಂದ ಬಂದು ಕೂಡಿಕೊಂಡಳು.

"ಆಮೇಲೆ ನೀವು ಓದೋದೇ ನಿಲ್ಲಿಸಿಬಿಟ್ರಿ," ಎಂದಳು. "ಯಾಕೆ ಅಂತ ಕೇಳೋಕೆ ಧೈರ್ಯ ಬರಲಿಲ್ಲ."

ಲೋಕಲ್ಲೊಂದು ಸದ್ದು ಮಾಡುತ್ತ ಹೋಯಿತು. ಆಮೇಲೆ ಸುಮಿತ್ರೆ, ರಸ್ತೆಯನ್ನೇ ನೋಡುತ್ತ, ಯಾವುದೋ ಸಣ್ಣ ವಿಷಯ ಹೇಳುವವಳ ಹಾಗೆ ಕೇಳಿದಳು:

"ಅಲ್ಲಿ ಲೈಟು ಕಣ್ಣಿಗೆ ಹೊಡೀತಿತ್ತು, ಅಲ್ವಾ? ಅಕ್ಷರ ಕಾಣಿಸಲಿಲ್ಲವೇನೋ ನಿಮಗೆ."

"ಹೂಂ," ಎಂದ ನಂಜುಂಡ.

ಅವರು ತಾವಿದ್ದ ಚಾಳಿನ ಮೆಟ್ಟಿಲು ಹತ್ತಿದರು. ಅವಳು ಬಣ್ಣ ತೊಳೆದುಕೊಂಡು ಬಂದು ಒಲೆ ಹಚ್ಚಿದಳು. ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಹೋಗಿ ಕೂತ, ಓದಲು ಕೈಯಲ್ಲಿ ಏನೂ ಇರಲಿಲ್ಲ.

ಆಮೇಲೆ ಆ ಮನೆಯಲ್ಲಿ ಅವರು ಬಹಳ ವರ್ಷ ಇದ್ದರು. ಅಂದು ಅಕ್ಷರ ಕಾಣುತ್ತಿತ್ತು, ಮಾತು ಬಾಯಲ್ಲೇ ಇತ್ತು, ಬೇಕೆಂದೇ ಹೇಳಲಿಲ್ಲ ಎಂಬುದನ್ನು ನಂಜುಂಡ ಅವಳಿಗೆ ಎಂದೂ ಹೇಳಲಿಲ್ಲ.